ಷೆಂಗೆನ್ ವೀಸಾ: ಇಳಿಯುವುದು ಪ್ಯಾರಿಸ್‌ನಲ್ಲಿ, ಹೆಚ್ಚು ದಿನ ಇರುವುದು ಇಟಲಿಯಲ್ಲಿ. ಅರ್ಜಿ ಯಾವ ದೇಶಕ್ಕೆ?

ದೂರದಾರಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಿವೃತ್ತರಾಗಿರುವ ನನ್ನ ತಾಯಿಯವರನ್ನು ಕರೆದುಕೊಂಡು ಮೊದಲ ಬಾರಿಗೆ ಯುರೋಪ್ ಪ್ರವಾಸ ಮಾಡಬೇಕೆಂದಿದ್ದೇನೆ. ಪ್ಯಾರಿಸ್‌ನಲ್ಲಿ ಇಳಿದು ಫ್ರಾನ್ಸ್‌ನಲ್ಲಿ 4 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 3 ರಾತ್ರಿ ಕಳೆದು, ಇಟಲಿಯಲ್ಲಿ 6 ರಾತ್ರಿ ಉಳಿದು ರೋಮ್‌ನಿಂದ ಹಿಂದಿರುಗುವುದು ನಮ್ಮ ಯೋಜನೆ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ವ್ಯವಸ್ಥೆಯಲ್ಲಿ ಮೊದಲು ಇಳಿಯುವ ದೇಶಕ್ಕೇ ಅರ್ಜಿ ಹಾಕಬೇಕೆಂದು ಕೆಲವರು, ಹೆಚ್ಚು ದಿನ ಇರುವ ದೇಶಕ್ಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಇಟಲಿಗೆ ಸದ್ಯ ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ. ಸ್ಲಾಟ್ ಇರುವ ಬೇರೊಂದು ದೇಶದ ಹೋಟೆಲ್ ಬುಕಿಂಗ್ ತೋರಿಸಿ ವೀಸಾ ಪಡೆದು, ಆಮೇಲೆ ಅದನ್ನು ರದ್ದು ಮಾಡಿ ನಿಮ್ಮ ಯೋಜನೆಯಂತೆಯೇ ಹೋಗಿಬನ್ನಿ ಎಂದು ಒಬ್ಬ ಏಜೆಂಟರು ಸಲಹೆ ಕೊಟ್ಟಿದ್ದಾರೆ. ಹೀಗೆ ಮಾಡಬಹುದೇ? ತಾಯಿಯವರ ಖರ್ಚು ನನ್ನದೇ ಆದ್ದರಿಂದ ಅವರ ಖಾತೆಗೆ ದೊಡ್ಡ ಮೊತ್ತವೊಂದನ್ನು ಹಾಕಿಡಬೇಕೇ? ನಡುವೆ ಎರಡು ದಿನ ಲಂಡನ್‌ಗೆ ಹೋಗಿಬರುವ ಆಸೆಯೂ ಇದೆ.

ಕಡತ:
ನಿಮ್ಮ ಈಗಿನ ಯೋಜನೆಯ ಪ್ರಕಾರ ಅರ್ಜಿ ಸಲ್ಲಬೇಕಾದುದು ಇಟಲಿಗೇ. ಪ್ರವಾಸದ ಅವಧಿಯಿಂದಾಗಲಿ, ಉದ್ದೇಶದಿಂದಾಗಲಿ ಯಾವ ದೇಶ ಮುಖ್ಯವೋ ಆ ದೇಶವೇ ಅರ್ಜಿಯನ್ನು ಪರಿಶೀಲಿಸಬೇಕೆಂಬುದು ಷೆಂಗೆನ್ ದೇಶಗಳ ವೀಸಾ ಸಂಹಿತೆಯ ನಿಯಮ. ಹೀಗೆ ಯಾವುದೊಂದು ದೇಶವನ್ನೂ ಮುಖ್ಯವೆಂದು ಗುರುತಿಸಲು ಆಗದಿದ್ದಾಗ ಮಾತ್ರ ಮೊದಲು ಪ್ರವೇಶಿಸುವ ದೇಶದ ಪ್ರಶ್ನೆ ಬರುತ್ತದೆ. ನೀವು ಕೇಳಿದ ಎರಡು ಮಾತುಗಳೂ ಇದೇ ನಿಯಮದಿಂದ ಹುಟ್ಟಿದವು; ಹೇಳುವವರು ಅರ್ಧವನ್ನು ಬಿಟ್ಟು ಹೇಳುತ್ತಾರೆ, ಅಷ್ಟೆ.

ಏಜೆಂಟರ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಅರ್ಜಿಯ ಕೊನೆಯಲ್ಲಿ ಸಹಿ ಹಾಕುವವರು ನೀವು ಮತ್ತು ನಿಮ್ಮ ತಾಯಿ, ಅವರಲ್ಲ. ವೀಸಾ ಕೊಟ್ಟ ಸಮಯದಲ್ಲಿ ಷರತ್ತುಗಳು ಪೂರೈಕೆಯಾಗಿರಲಿಲ್ಲ, ಸುಳ್ಳು ದಾಖಲೆ ತೋರಿಸಿ ಪಡೆಯಲಾಗಿತ್ತು ಎಂದು ನಂಬಲು ಬಲವಾದ ಕಾರಣ ಸಿಕ್ಕರೆ ಆ ವೀಸಾವನ್ನು ಗಡಿಯಲ್ಲೇ ಅಸಿಂಧುಗೊಳಿಸಬಹುದು. ಬೇರೊಂದು ದೇಶ ಕೊಟ್ಟ ವೀಸಾ ಹಿಡಿದು ಪ್ಯಾರಿಸ್‌ನಲ್ಲಿ ಇಳಿದವರನ್ನು, ಆ ದೇಶಕ್ಕೆ ಯಾವಾಗ ಹೋಗುತ್ತೀರಿ, ಅಲ್ಲಿನ ಹೋಟೆಲ್ ಬುಕಿಂಗ್ ತೋರಿಸಿ ಎಂದು ಅಧಿಕಾರಿ ಕೇಳಿದರೆ ಉತ್ತರವೇನು? ತಿರಸ್ಕಾರ, ರದ್ದತಿ ಎಲ್ಲವೂ ಸದಸ್ಯ ದೇಶಗಳು ಹಂಚಿಕೊಳ್ಳುವ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ ಮತ್ತು 5 ವರ್ಷದವರೆಗೆ ಅಲ್ಲಿರಬಹುದು.

ಸ್ಲಾಟ್ ಸಿಗದಿದ್ದರೆ ಪ್ರಾಮಾಣಿಕವಾದ ದಾರಿಯೊಂದಿದೆ: ಪ್ರವಾಸವನ್ನೇ ನಿಜವಾಗಿ ಬದಲಿಸಿ. ಫ್ರಾನ್ಸ್‌ನಲ್ಲಿ 6 ರಾತ್ರಿ, ಇಟಲಿಯಲ್ಲಿ 4 ರಾತ್ರಿ ಇರುವುದು ನಿಮಗೆ ಒಪ್ಪಿಗೆಯಾದರೆ ಫ್ರಾನ್ಸ್‌ಗೆ ಅರ್ಜಿ ಹಾಕುವುದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ಹೋಟೆಲ್, ರೈಲು, ವಿಮಾನ ಎಲ್ಲದರ ದಿನಾಂಕಗಳೂ ಹೊಸ ಯೋಜನೆಯನ್ನೇ ಹೇಳಬೇಕು.

ಲೆಕ್ಕದ ಮನುಷ್ಯ:
ಹಣದ ಪ್ರಶ್ನೆಗೆ ನನ್ನ ಉತ್ತರ: ಹಾಕಬೇಡಿ. ತಿಂಗಳಿಗೊಮ್ಮೆ ಪಿಂಚಣಿ ಮಾತ್ರ ಜಮೆಯಾಗುತ್ತಿದ್ದ ಖಾತೆಯಲ್ಲಿ, ಅರ್ಜಿಗೆ ಸ್ವಲ್ಪವೇ ಮೊದಲು ದೊಡ್ಡ ಮೊತ್ತವೊಂದು ಬಂದು ಕುಳಿತರೆ, ಸ್ಟೇಟ್‌ಮೆಂಟ್ ನೋಡುವವರ ಕಣ್ಣು ಮೊದಲು ಹೋಗುವುದೇ ಆ ಸಾಲಿನ ಮೇಲೆ. ಆ ಹಣ ಅವರದೋ, ತೋರಿಕೆಗೆಂದು ತಂದದ್ದೋ ಎಂಬ ಅನುಮಾನಕ್ಕೆ ನೀವೇ ಎಡೆ ಮಾಡಿಕೊಟ್ಟಂತಾಗುತ್ತದೆ. ಬದಲಾಗಿ, ಪ್ರವಾಸದ ವೆಚ್ಚವನ್ನು ಮಗನೋ ಮಗಳೋ ಭರಿಸುತ್ತಿರುವುದಾಗಿ ನೇರವಾಗಿ ಹೇಳುವ ಪತ್ರ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ಯೋಗದ ಪತ್ರ ಮತ್ತು ಸಂಬಂಧವನ್ನು ತೋರಿಸುವ ದಾಖಲೆಯನ್ನು ಅವರ ಕಡತದಲ್ಲಿ ಇಡಿ. ಅರ್ಜಿ ನಮೂನೆಯಲ್ಲಿಯೂ ಖರ್ಚು ಭರಿಸುವವರು ಯಾರೆಂಬ ಅಂಕಣವಿದೆ. ಅಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಇರಬಾರದು.

ಮೊತ್ತಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದುದು ಹಿಂದಿರುಗುವ ಖಾತ್ರಿಯ ಬಗ್ಗೆ. ಅವಧಿ ಮುಗಿಯುವ ಮೊದಲು ದೇಶ ಬಿಡುವ ಉದ್ದೇಶದ ಬಗ್ಗೆ ಸಮಂಜಸವಾದ ಅನುಮಾನವಿದೆ ಎಂಬುದು ತಿರಸ್ಕಾರದ ಮುದ್ರಿತ ಕಾರಣಗಳಲ್ಲೊಂದು. ಪಿಂಚಣಿಯ ದಾಖಲೆ, ಸ್ವಂತ ಮನೆಯ ಪತ್ರ ಇಂಥವು ತಾಯಿಯವರ ಪರವಾಗಿ ಮಾತಾಡುತ್ತವೆ. ಅರ್ಜಿ ತಿರಸ್ಕೃತವಾದರೂ ಕಾರಣವನ್ನು ಲಿಖಿತವಾಗಿ ಕೊಡಲೇಬೇಕು, ಮೇಲ್ಮನವಿಯ ಹಕ್ಕೂ ಇದೆ. ಶುಲ್ಕ ಮಾತ್ರ ವಾಪಸು ಬರುವುದಿಲ್ಲ.

ಎರಡು ಪ್ರವೇಶ:
ಲಂಡನ್ ವಿಷಯವನ್ನು ಯಾರೂ ಮುಟ್ಟಲಿಲ್ಲ. ಬ್ರಿಟನ್ ಷೆಂಗೆನ್ ವಲಯದಲ್ಲಿಲ್ಲ. ಅದಕ್ಕೆ ಬೇರೆಯೇ ಅನುಮತಿ ಬೇಕು, ಜೊತೆಗೆ ಪ್ಯಾರಿಸ್‌ನಿಂದ ಅಲ್ಲಿಗೆ ಹೋದ ಕೂಡಲೇ ನೀವು ಷೆಂಗೆನ್‌ನಿಂದ ಹೊರಬಿದ್ದಂತೆ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಸ್ಟಿಕ್ಕರಿನಲ್ಲಿ ಪ್ರವೇಶಗಳ ಸಂಖ್ಯೆಯ ಕೆಳಗೆ 01 ಎಂದಿದ್ದರೆ ಹಿಂದಿರುಗಿ ಬರಲಾಗದು. 02 ಅಥವಾ ಬಹುಪ್ರವೇಶದ 'ಮಲ್ಟ್' ಎಂಬ ಗುರುತು ಬೇಕು, ಅದನ್ನು ಅರ್ಜಿಯಲ್ಲೇ ಕೇಳಬೇಕು. ಎರಡು ದಿನಕ್ಕಾಗಿ ಇಷ್ಟೆಲ್ಲ ಹೊತ್ತುಕೊಳ್ಳುವುದಕ್ಕಿಂತ ಈ ಸಲ ಲಂಡನ್ ಬಿಟ್ಟುಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಅದೇ ಸ್ಟಿಕ್ಕರಿನಲ್ಲಿ ಇನ್ನೊಂದು ಕಡೆ ಜನ ಎಡವುತ್ತಾರೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು ವೀಸಾದ ಸಿಂಧುತ್ವ. ಅದರ ಹತ್ತಿರವೇ ಇರುವ ದಿನಗಳ ಸಂಖ್ಯೆ ನಿಜವಾಗಿ ಒಳಗಿರಬಹುದಾದ ಅವಧಿ. ಪ್ರವಾಸ ಹಿಂದೆ ಮುಂದೆ ಆದೀತೆಂದು ಸಿಂಧುತ್ವಕ್ಕೆ ಸಾಮಾನ್ಯವಾಗಿ 15 ದಿನ ಹೆಚ್ಚು ಸೇರಿಸಿರುತ್ತಾರೆ. ಅದು ಹೆಚ್ಚು ದಿನ ಉಳಿಯಲು ಕೊಟ್ಟ ಅನುಮತಿಯಲ್ಲ. ಒಳಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ದೂರದಾರಿ:
ಎಲ್ಲರಿಗೂ ಧನ್ಯವಾದಗಳು. ಲಂಡನ್ ಕೈಬಿಟ್ಟೆವು. ತಾಯಿಯವರಿಗೂ ಪ್ಯಾರಿಸ್‌ನಲ್ಲೇ ಹೆಚ್ಚು ದಿನ ಇರುವ ಮನಸ್ಸಿರುವುದರಿಂದ ಫ್ರಾನ್ಸ್‌ಗೆ 6 ರಾತ್ರಿ ಎಂದು ನಿಶ್ಚಯಿಸಿದ್ದೇವೆ. ವಿಮಾನದ ಟಿಕೆಟನ್ನು ಈಗಲೇ ಕೊಂಡುಬಿಡಬೇಕೇ? ತಾಯಿಯವರ ಪಾಸ್‌ಪೋರ್ಟ್ ಹಳೆಯದು, ಅದು ನಡೆಯುತ್ತದೆಯೇ?

ಕಡತ:
ಮೊದಲು ಪಾಸ್‌ಪೋರ್ಟ್ ನೋಡಿ. ಅದು ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿರಬೇಕು, ಷೆಂಗೆನ್ ಬಿಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಸಿಂಧುವಾಗಿರಬೇಕು ಮತ್ತು ಅದರಲ್ಲಿ ಎರಡು ಪುಟಗಳಾದರೂ ಖಾಲಿ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೊಸ ಪಾಸ್‌ಪೋರ್ಟ್ ಬಂದ ಮೇಲೆಯೇ ಅಪಾಯಿಂಟ್‌ಮೆಂಟ್ ಹಿಡಿಯಿರಿ.

ಹಣ ವಾಪಸು ಬಾರದ ಟಿಕೆಟನ್ನು ವೀಸಾ ಕೈಸೇರುವ ಮೊದಲು ಕೊಳ್ಳಬೇಡಿ. ಹೋಗಿಬರುವ ಎರಡೂ ಕಡೆಯ ರಿಸರ್ವೇಶನ್ ತೋರಿಸಿದರೆ ಸಾಮಾನ್ಯವಾಗಿ ಸಾಕು. ಪ್ರವಾಸ ವಿಮೆ ಮಾತ್ರ ಅರ್ಜಿಯ ಜೊತೆಗೇ ಬೇಕು: ಕನಿಷ್ಠ 30,000 ಯುರೋ ಮೊತ್ತದ್ದಾಗಿದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವಂತಿರಬೇಕು. 2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯುರೋ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದಲೇ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎಂದಿದ್ದರೂ ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. ಆದ್ದರಿಂದ ಕನಿಷ್ಠ ಎರಡು ತಿಂಗಳ ಅಂತರ ಇಟ್ಟುಕೊಳ್ಳಿ. ಬೆರಳಚ್ಚು ಕೊಡಲು ತಾಯಿಯವರು ಖುದ್ದಾಗಿ ಬರಲೇಬೇಕು. ಸಲ್ಲಿಸಿದ ಎಲ್ಲ ಕಾಗದಗಳ ಪ್ರತಿಯೊಂದನ್ನು ಪ್ರಯಾಣದ ದಿನ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ. ಗಡಿಯಲ್ಲಿ ಕೇಳಿದರೆ ಅಲ್ಲೇ ತೋರಿಸಬೇಕಾಗುತ್ತದೆ.