‘ಗಾವಠಿ’ ಬೈಗುಳವೋ, ಹೊಗಳಿಕೆಯೋ?

ಪ್ರಶ್ನೆ (ಅಕ್ಕಲಕೋಟೆ ತಾಲೂಕಿನಿಂದ)

ಮನೆಯಲ್ಲಿ ಕನ್ನಡ, ಪೇಟೆಗೆ ಬಂದರೆ ಮರಾಠಿ. ಹಾಗೆ ಬೆಳೆದವನು ನಾನು. ಸೊಲ್ಲಾಪುರದ ಕಾಲೇಜಿಗೆ ಸೇರಿದ ಮೊದಲ ವಾರ ನನ್ನ ಮರಾಠಿಯ ಎಳೆತ ಕೇಳಿ ಹಿಂದಿನ ಬೆಂಚಿನವನೊಬ್ಬ ‘ಗಾವಂಢಳ’ ಎಂದ. ಹಳ್ಳಿಮುಕ್ಕ ಎಂದರ್ಥ. ಇಡೀ ತರಗತಿ ನಕ್ಕಿತು.

ಅದೇ ಊರಿನ ಸಂತೆಗೆ ಅವ್ವ ಮೊಟ್ಟೆ ತರುತ್ತಿದ್ದಳು. ಜೋಳದ ಹೊಟ್ಟಿನಲ್ಲಿ ಹುದುಗಿಸಿದ ಬುಟ್ಟಿಯನ್ನು ತಲೆಯಿಂದ ಇಳಿಸುವ ಮೊದಲೇ ಹೆಂಗಸರು ‘ಗಾವಠಿ ಆಹೇತ ಕಾ?’ (ನಾಟಿ ಮೊಟ್ಟೆಗಳೇ?) ಎಂದು ಸುತ್ತುವರಿಯುತ್ತಿದ್ದರು. ಹೌದೆಂದರೆ ಫಾರಂ ಮೊಟ್ಟೆಗಿಂತ ಹೆಚ್ಚು ಹಣ ಕೊಟ್ಟು ಒಯ್ಯುತ್ತಿದ್ದರು. ಎರಡೂ ಪದಗಳ ಬೇರು ‘ಗಾವ್’, ಅಂದರೆ ಹಳ್ಳಿ. ಕೋಳಿಗೆ ಬೆಲೆ ತಂದ ಹಳ್ಳಿ, ಅದನ್ನು ಸಾಕಿದವಳ ಮಗನಿಗೆ ಕುಂದಾದದ್ದು ಹೇಗೆ? ನಿಮ್ಮ ಕಡೆಯೂ ಹೀಗೆಯೇ?

ಉತ್ತರ (ಪೆರ್ಲ, ಕಾಸರಗೋಡು)

ನಮ್ಮಲ್ಲಿ ‘ಊರ ಕೋಳಿ’, ‘ಊರ ಬಸಳೆ’. ಮಲಯಾಳದಲ್ಲಿ ‘ನಾಡನ್’; ಆ ಪದವಿರುವ ಫಲಕಕ್ಕೆ ಹೋಟೆಲಿನಲ್ಲಿ ಗಿರಾಕಿ ಹೆಚ್ಚು. ಆದರೆ ಮರಾಠಿಯವರನ್ನಷ್ಟೇ ದೂರಬೇಡಿ. ನಾವು ಸಲೀಸಾಗಿ ಆಡುವ ‘ಗಮಾರ’ ಹಿಂದಿಯ ‘ಗಂವಾರ್’, ಅದರ ಮೂಲ ‘ಗ್ರಾಮ’. ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಒಂದು ಕಾವ್ಯದೋಷ. ನಗರದಿಂದ ಹುಟ್ಟಿದ ‘ನಾಗರಿಕ’ನಿಗೆ ಮಾತ್ರ ಎಲ್ಲ ಮರ್ಯಾದೆ! ಓದುಬರಹ ಪೇಟೆಯವರ ಕೈಯಲ್ಲಿತ್ತು, ಅರ್ಥವನ್ನೂ ಅವರೇ ಕಟ್ಟಿದರು ಎಂದು ನನಗನ್ನಿಸುತ್ತದೆ.

ಉತ್ತರ (ತಾಳವಾಡಿ, ಈರೋಡು ಜಿಲ್ಲೆ)

ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋದರೆ ನಾವು ‘ಪಟ್ಟಿಕ್ಕಾಡು’. ಪಟ್ಟಿ ಎಂದರೆ ಸಣ್ಣ ಹಳ್ಳಿ, ಕುರಿ ಕೂಡುವ ದೊಡ್ಡಿಯೂ ಹೌದು. ಇಂಗ್ಲಿಷಿನಲ್ಲೂ ಇದೇ ಕಥೆ. ಸಿನಿಮಾದ ‘ವಿಲನ್’ ಮೂಲದಲ್ಲಿ ಜಮೀನುದಾರನ ಹೊಲಮನೆಯ ಆಳು. ಅಮೆರಿಕದ ‘ರೆಡ್‌ನೆಕ್’ ಎಂದರೆ ಹೊಲದಲ್ಲಿ ಬಗ್ಗಿ ದುಡಿದು ಬಿಸಿಲಿಗೆ ಕೆಂಪಾದ ಕುತ್ತಿಗೆ. ನನ್ನ ಅಪ್ಪನ ಕುತ್ತಿಗೆ ಸುಟ್ಟು ಕಪ್ಪಾಗಿದೆ, ಅಂಗಿಯ ಕಾಲರಿನ ಕೆಳಗೆ ಬೇರೆಯೇ ಬಣ್ಣ. ಆ ಗೆರೆ ನೋಡಿ ನಗುವವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಪ್ರಶ್ನೆ ಕೇಳಿದವರು

ನಿಮ್ಮ ಅಪ್ಪನ ಕುತ್ತಿಗೆಯ ಗೆರೆ ಓದಿ ಕಣ್ಣು ತುಂಬಿತು. ಇಲ್ಲಿ ಮನೆಯೊಳಗೆ ನಾವು ‘ಗಾವಠಿ’ ಎನ್ನುವುದಿಲ್ಲ, ‘ಜವಾರಿ’ ಎನ್ನುತ್ತೇವೆ: ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಾತು. ಈ ಪದವನ್ನು ಯಾರೂ ನನ್ನತ್ತ ಕಲ್ಲಿನಂತೆ ಎಸೆದದ್ದಿಲ್ಲ. ಇನ್ನು ಯಾರಾದರೂ ಕೇಳಿದರೆ ನಾನು ಜವಾರಿ ಮನುಷ್ಯ ಎಂದೇ ಹೇಳುತ್ತೇನೆ.