ಸಹಾಯ ಬೇಕು: ಕನ್ವರ್ಟರ್ ಹಾಕಿದ ಮೇಲೆ ಬೋಟಿನ ವೈರ್‌ಲೆಸ್‌ನಲ್ಲಿ ಗರಗರ ಸದ್ದು
ನಮಸ್ಕಾರ. ಕಾರವಾರದ ಬೈತಖೋಲದಲ್ಲಿ ಅಪ್ಪನ ಬೋಟ್ ಇದೆ. ಬ್ಯಾಟರಿ 24 ವೋಲ್ಟ್, ವೈರ್‌ಲೆಸ್ ಸೆಟ್ಟಿಗೆ ಬೇಕಾದ್ದು 12. ಎಲ್‌ಎಂ2596 ಚಿಪ್ಪಿನ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಹಾಕಿದ್ದೇನೆ. ಒಳಗಿನ ಸ್ವಿಚ್ ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಆನ್-ಆಫ್ ಆಗುತ್ತದೆ, ಹೆಚ್ಚುಕಮ್ಮಿ ಅರ್ಧ ಹೊತ್ತು ಆನ್ ಇದ್ದರೆ 24 ಇಳಿದು 12 ಆಗುತ್ತದೆ, ಆಫ್ ಆದಾಗ ಕಾಯಿಲ್‌ನಲ್ಲಿ ಉಳಿದ ಶಕ್ತಿ ಡಯೋಡ್ ಮೂಲಕ ಹರಿಯುತ್ತದೆ, ಅಲ್ವಾ? ಇಷ್ಟು ಗೊತ್ತು.

ಮೀಟರ್ ಹಿಡಿದರೆ 12.1 ತೋರಿಸುತ್ತದೆ. ಆದರೆ ಸೆಟ್ ಆನ್ ಮಾಡಿದರೆ ಬರೀ ಗರಗರ. ಬೇರೆ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಸದ್ದೇ ಇಲ್ಲ. ಕನ್ವರ್ಟರ್‌ಗೆ ಕೊಟ್ಟು ಮಾತಾಡುವ ಬಟನ್ ಒತ್ತಿದರೆ ವೋಲ್ಟೇಜ್ 9ಕ್ಕೆ ಬೀಳುತ್ತದೆ. ಚಿಪ್ 3 ಆಂಪಿನದು, 25 ವ್ಯಾಟ್ ಸೆಟ್ ಅದಕ್ಕಿಂತ ಜಾಸ್ತಿ ಎಳೆಯುತ್ತದೆ, ಹಾಗಾಗಿ 10 ಆಂಪಿನದು ತರುತ್ತೇನೆ.

ಸದ್ದಿಗೆ ಏನು ಮಾಡಲಿ? ಔಟ್‌ಪುಟ್‌ಗೆ ಇನ್ನೊಂದು ಕಾಯಿಲ್, ಕೆಪಾಸಿಟರ್ ಸಾಕಾ, ಲೋಹದ ಡಬ್ಬಿಯಲ್ಲೂ ಇಡಬೇಕಾ? ಸಮುದ್ರದಲ್ಲಿ ಅಪ್ಪನಿಗೆ ಆ ಸೆಟ್ಟೇ ಆಧಾರ. ಬೋಟಿನಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.