ಸಬ್‌ಮರೀನ್ ಕಾದಂಬರಿ ಓದಿ ಎದ್ದ ಡೌಟುಗಳು: ಸೋನಾರ್ ಸರ್ ಉತ್ತರ ಕೊಡ್ತಾರೆ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಈ ತಿಂಗಳ ಓದು ಆ ಸಬ್‌ಮರೀನ್ ಥ್ರಿಲ್ಲರ್. ಮುಗಿಸದೇ ಇರೋರಿಗೆ ಕಥೆ ಇಷ್ಟು: ಇನ್ನೊಂದು ಹತ್ತು ಹದಿನೈದು ವರ್ಷ ಆದ್ಮೇಲೆ ಸಮುದ್ರದ ತಳದಲ್ಲಿರೋ ಇಂಟರ್ನೆಟ್ ಕೇಬಲ್‌ಗಳನ್ನ ಯಾರೋ ಒಂದೊಂದಾಗಿ ಕತ್ತರಿಸ್ತಿರ್ತಾರೆ, ಅವರನ್ನ ಹುಡುಕ್ಕೊಂಡು ಒಂದು ಹಳೇ ಡೀಸೆಲ್ ಸಬ್‌ಮರೀನ್ ಹೋಗುತ್ತೆ, ಎದುರುಗಡೆ ಮನುಷ್ಯರೇ ಇಲ್ಲದ ಸಬ್‌ಮರೀನ್‌ಗಳ ಹಿಂಡು. ನಮ್ಮ ಗುಂಪಲ್ಲೇ ಇರೋ, ಸಬ್‌ಮರೀನ್‌ನಲ್ಲಿ ಸೋನಾರ್ (ನೀರೊಳಗಿನ ಸದ್ದು ಹಿಡಿದು ಬೇರೆ ಹಡಗು ಎಲ್ಲಿದೆ ಅಂತ ಹುಡುಕೋ ಯಂತ್ರ) ಮುಂದೆ ಕೂತು ಸರ್ವೀಸ್ ಮುಗಿಸಿ ರಿಟೈರ್ ಆಗಿರೋ ಸರ್ ಒಬ್ರು ಉತ್ತರ ಕೊಡೋಕೆ ಒಪ್ಪಿದಾರೆ. ಒಬ್ರಿಗೆ ಒಂದೇ ಪ್ರಶ್ನೆ. ಸ್ಪಾಯ್ಲರ್ ಬೇಡ. ಮೇಲೆ ಆಗ್ಲೇ ಕೇಳಿದ್ದನ್ನ ಓದ್ಕೊಂಡು ಕೇಳಿ ದಯವಿಟ್ಟು.

ಪುಸ್ತಕಹುಳ: ಸರ್, ನನಗಂತೂ ಒಂದೇ ರಾತ್ರಿಗೆ ಮುಗೀತು, ಸೂಪರ್ ಪುಸ್ತಕ. ಒಂದು ಡೌಟು. ಎರಡು ಪುಟಕ್ಕೊಂದು ಸಲ ಕ್ಯಾಪ್ಟನ್ ‘ಪಿಂಗ್ ಹೊಡೀರಿ’ ಅಂತಾನೆ, ಶತ್ರು ಎಲ್ಲಿದಾನೆ ಅಂತ ತಕ್ಷಣ ಗೊತ್ತಾಗುತ್ತೆ. ನಿಜಕ್ಕೂ ಹಾಗೇನಾ?

ಸೋನಾರ್ ಸರ್: ಇಲ್ಲ. ಪಿಂಗ್ ಹೊಡೆದ್ರೆ ನಿಮಗೆ ಅವನು ಎಲ್ಲಿದಾನೆ ಅಂತ ಗೊತ್ತಾಗೋದಕ್ಕಿಂತ ಮುಂಚೆ ಅವನಿಗೆ ನೀವು ಎಲ್ಲಿದೀರಿ ಅಂತ ಗೊತ್ತಾಗಿರುತ್ತೆ. ನಿಮ್ಮ ಸದ್ದು ಹೋಗಿ, ಅವನಿಗೆ ಬಡಿದು, ವಾಪಸ್ ಬರಬೇಕು. ಅವನಿಗೆ ಹೋಗುವಾಗಿನ ಸದ್ದು ಕೇಳಿದ್ರೆ ಸಾಕು. ಅದಕ್ಕೇ ನಾವು ಹೆಚ್ಚುಪಾಲು ಮಾಡೋದು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಸುಮ್ನೆ ಕೇಳೋದು. ಗಂಟೆಗಟ್ಲೆ. ಅದನ್ನ ಬರೆದ್ರೆ ಪುಸ್ತಕ ಮಾರಾಟ ಆಗಲ್ಲ, ಒಪ್ತೀನಿ.

ಅರ್ಧ ಓದಿದವನು: ‘ಲೇಯರ್ ಕೆಳಗೆ ಬಚ್ಚಿಟ್ಕೊಳ್ಳೋದು’ ಅಂತ ಬರುತ್ತಲ್ಲ ಸರ್, ಅದು ಕಟ್ಟುಕಥೆನಾ?

ಸೋನಾರ್ ಸರ್: ಅದು ನಿಜ, ಮತ್ತೆ ಲೇಖಕರು ಚೆನ್ನಾಗಿ ಬರೆದಿದಾರೆ. ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತೆ, ಆದ್ರೆ ನೀರು ತಣ್ಣಗಾದಷ್ಟೂ ನಿಧಾನ. ಮೇಲಿನ ಬೆಚ್ಚಗಿನ ನೀರು ಮುಗಿದು ತಂಪು ಶುರುವಾಗೋ ಕಡೆ, ಅದೇ ಲೇಯರ್, ಸದ್ದು ಬಾಗುತ್ತೆ. ಮೇಲೆ ನಿಂತ ಹಡಗಿಗೆ ಕೆಳಗೆ ಒಂದಷ್ಟು ಜಾಗ ಕೇಳಿಸೋದೇ ಇಲ್ಲ, ನೆರಳು ಬಿದ್ದ ಹಾಗೆ. ಆದ್ರೆ ಆ ಹಡಗು ಉದ್ದ ಕೇಬಲ್ಲಿಗೆ ಕಟ್ಟಿದ ಸೋನಾರನ್ನ ಲೇಯರ್ ಕೆಳಗೇ ಇಳಿಬಿಟ್ರೆ ಬಚ್ಚಿಟ್ಕೊಂಡಿದ್ದು ಅಲ್ಲಿಗೆ ಮುಗೀತು. ಅದನ್ನ ಪುಸ್ತಕದಲ್ಲಿ ಮರೆತಿದಾರೆ.

ಮಧ್ಯರಾತ್ರಿ ಓದುಗ: 300 ಮೀಟರ್ ಆಳದಲ್ಲಿ ಕ್ಯಾಪ್ಟನ್ ಹೆಡ್‌ಕ್ವಾರ್ಟರ್ಸ್ ಜೊತೆ ವಿಡಿಯೋ ಕಾಲ್ ಮಾಡ್ತಾನೆ. ಮುಂದಿನ ಕಾಲದ ಕಥೆ ಅಂತ ಇಟ್ಕೊಂಡ್ರೂ ಸಾಧ್ಯನಾ?

ಸೋನಾರ್ ಸರ್: ಉಪ್ಪುನೀರು ರೇಡಿಯೋ ತರಂಗ ನುಂಗಿಬಿಡುತ್ತೆ. ತೀರಾ ಕಡಿಮೆ ಫ್ರೀಕ್ವೆನ್ಸಿ ವಿಎಲ್ಎಫ್ ಕೂಡ ಕೆಲವು ಹತ್ತು ಮೀಟರ್ ಇಳಿದ್ರೆ ಹೆಚ್ಚು. ಇನ್ನೂ ಕೆಳಗಿನದಕ್ಕೆ ಅಮೆರಿಕದವರು 76 ಹರ್ಟ್ಸ್‌ನಲ್ಲಿ ಒಂದು ವ್ಯವಸ್ಥೆ ಇಟ್ಕೊಂಡಿದ್ರು, ಆಳಕ್ಕೆ ಮುಟ್ತಿತ್ತು, ಆದ್ರೆ ಕೆಲವೇ ಅಕ್ಷರ ಬರೋಕೆ ನಿಮಿಷಗಟ್ಲೆ. ಅದೂ ಒನ್ ವೇ. ಸಬ್‌ಮರೀನ್ ಒಳಗಿಂದ ಉತ್ತರ ಹೇಳೋಕಾಗಲ್ಲ. ವಿಡಿಯೋ ಕಾಲ್ ಮರೆತುಬಿಡಿ.

ಬಿಡುವಿಲ್ಲದವಳು: ಸರ್ ಒಳಗಿಂದ ಮನೆಯವರ ಜೊತೆ ವಿಡಿಯೋ ಕಾಲ್ ಮಾಡಬಹುದಾ?

ಸೋನಾರ್ ಸರ್: ಮೇಲೆ ಓದಿ.

ಕಡಲಕಾಗೆ: 14ನೇ ಅಧ್ಯಾಯದಲ್ಲಿ ಎರಡು ಸಬ್‌ಮರೀನ್ ನೀರೊಳಗೇ ಪರಸ್ಪರ ಟಾರ್ಪಿಡೋ ಬಿಡೋದು ನನಗೆ ಓವರ್ ಅನ್ನಿಸ್ತು. ಸಿನಿಮಾ ಥರ. ಹಾಗೆಲ್ಲಾ ಯಾವತ್ತಾದ್ರೂ ಆಗಿದ್ಯಾ?

ಸೋನಾರ್ ಸರ್: ಪರಸ್ಪರ ಅಲ್ಲ, ಆದ್ರೆ ನೀರೊಳಗೇ ಒಂದು ಇನ್ನೊಂದನ್ನ ಮುಳುಗಿಸಿದ್ದು ಆಗಿದೆ, ಒಂದೇ ಒಂದು ಸಲ. ಒಳ್ಳೇ ಪ್ರಶ್ನೆ ಕೇಳಿದ್ರಿ ನೋಡಿ. 1945ರ ಫೆಬ್ರವರಿ 9, ನಾರ್ವೆ ಕರಾವಳಿ. ಜರ್ಮನಿಯ ಯು-864, ಹೊಟ್ಟೆ ತುಂಬಾ ಪಾದರಸ ತುಂಬ್ಕೊಂಡು ಜಪಾನ್ ಕಡೆ ಹೊರಟಿತ್ತು, ಎಂಜಿನ್ ಸರಿ ಇಲ್ದೆ ವಾಪಸ್ ತಿರುಗಿತ್ತು. ಬ್ರಿಟನ್ನಿನ ವೆಂಚರರ್ ಅನ್ನೋ ಸಬ್‌ಮರೀನ್‌ನವರಿಗೆ ಆ ಎಂಜಿನ್ ಸದ್ದೇ ಕೇಳಿಸ್ತು. ಅವರ ಕಮಾಂಡರ್ ಲಾಂಡರ್ಸ್ ಪಿಂಗ್ ಹೊಡೀಲಿಲ್ಲ, ಗಂಟೆಗಟ್ಲೆ ಹಿಂದೆಹಿಂದೆ ಹೋಗಿ ಬರೀ ಕೇಳಿದ. ಯು-864 ಅಂಕುಡೊಂಕಾಗಿ ಓಡ್ತಿತ್ತು. ಅದು ಎಷ್ಟೊತ್ತಿಗೆ ಯಾವ ಕಡೆ ತಿರುಗುತ್ತೆ, ಎಷ್ಟು ಆಳಕ್ಕೆ ಇಳಿಯುತ್ತೆ ಅಂತ ಆಗಿನ ಕಾಲದಲ್ಲಿ ಕೈಲೇ ಲೆಕ್ಕ ಹಾಕಿ ನಾಲ್ಕು ಟಾರ್ಪಿಡೋ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಹಾರಿಸಿದ. ಯು-864ನವರು ಮೊದಲ ಮೂರು ತಪ್ಪಿಸ್ಕೊಂಡ್ರು, ತಪ್ಪಿಸ್ಕೊಳ್ಳೋಕೆ ತಿರುಗಿದ ದಾರೀಲೇ ನಾಲ್ಕನೇದು ಬಂತು. ಒಳಗಿದ್ದ 73 ಜನಾನೂ ಹೋದ್ರು. ಎರಡೂ ನೀರೊಳಗೇ ಇದ್ದು ಒಂದು ಇನ್ನೊಂದನ್ನ ಮುಳುಗಿಸಿದ್ದು ಅಂತ ದಾಖಲೆ ಇರೋದು ಇದೊಂದೇ. ಹಾಗಾಗಿ 14ನೇ ಅಧ್ಯಾಯ ಆಗಬಾರದು ಅಂತೇನಿಲ್ಲ. ಆದ್ರೆ ಮೂರು ನಿಮಿಷದಲ್ಲಿ ಮುಗಿಸಿದಾರಲ್ಲ, ಅದು ಸುಳ್ಳು.

ಸಂಶಯಪ್ರಾಣಿ: ಎಲ್ಲಾ ಸರಿ, ಆದ್ರೆ ಈ ಪುಸ್ತಕನೇ ಔಟ್‌ಡೇಟೆಡ್. ನನಗೆ ಬಂದಿರೋ ಫಾರ್ವರ್ಡ್ ಇದು: ಈಗ ಕ್ವಾಂಟಮ್ ಸ್ಯಾಟಲೈಟ್‌ಗಳಿಂದ ಸಮುದ್ರ ಗಾಜಿನ ಥರ ಪಾರದರ್ಶಕ ಆಗಿದೆ, ಪ್ರಪಂಚದ ಎಲ್ಲಾ ಸಬ್‌ಮರೀನೂ ಲೈವ್ ಮ್ಯಾಪಲ್ಲಿ ಕಾಣುತ್ತೆ, ಸರ್ಕಾರಗಳು ಮುಚ್ಚಿಟ್ಟಿವೆ. ಇದಕ್ಕೇನಂತೀರ?

ಸೋನಾರ್ ಸರ್: ಏನೂ ಅನ್ನಲ್ಲ. 2009ರಲ್ಲಿ ಬ್ರಿಟನ್ನಿನ ವ್ಯಾನ್ಗಾರ್ಡ್, ಫ್ರಾನ್ಸಿನ ಲ ತ್ರಿಯೋಂಫಾಂ, ಎರಡೂ ಅಣುಕ್ಷಿಪಣಿ ಹೊತ್ತ ಸಬ್‌ಮರೀನ್, ಎರಡೂ ಮಿತ್ರದೇಶದವು, ಅಟ್ಲಾಂಟಿಕ್‌ನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. 2021ರಲ್ಲಿ ಅಮೆರಿಕದ ಕನೆಕ್ಟಿಕಟ್ ಅನ್ನೋ ಸಬ್‌ಮರೀನ್ ಸಮುದ್ರದೊಳಗಿನ ಬೆಟ್ಟಕ್ಕೇ ಗುದ್ದಿಕೊಳ್ತು. ಸಮುದ್ರ ಅಷ್ಟು ಪಾರದರ್ಶಕ. ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಸಂಶಯಪ್ರಾಣಿ: ಅವೆಲ್ಲಾ ಹಳೇ ಕಥೆ ಸರ್, ಟೆಕ್ನಾಲಜಿ ಮುಂದೆ ಹೋಗಿದೆ.

ಕಡಲಕಾಗೆ: 2021 ಹಳೇ ಕಥೆನಾ ಗುರು? ನೀನು ಫಾರ್ವರ್ಡ್ ಓದಿದ್ದು ಯಾವಾಗ, ಇವತ್ತು ಬೆಳಿಗ್ಗೆನಾ?

ಸಂಶಯಪ್ರಾಣಿ: ಏಕವಚನ ಯಾಕೆ ಸ್ವಾಮಿ. ಅಡ್ಮಿನ್ ನೋಡಿ.

ಅಡ್ಮಿನ್: ಇಬ್ರೂ ಸಮಾಧಾನ.

ಚಹಾ ಜೊತೆ ಪುಸ್ತಕ: ಸರ್ ಸಬ್‌ಮರೀನ್‌ಗೆ ಕಿಟಕಿ ಇರುತ್ತಾ? ಮುಖಪುಟದಲ್ಲಿ ಇದೆ.

ಸೋನಾರ್ ಸರ್: ಯುದ್ಧದ ಸಬ್‌ಮರೀನ್‌ಗೆ ಇರಲ್ಲ.

ಅರ್ಧ ಓದಿದವನು: ಹಳೇ ಡೀಸೆಲ್ ಸಬ್‌ಮರೀನ್ ಹೊಸ ಅಣುಶಕ್ತಿಯದ್ದನ್ನ ಹಿಂಬಾಲಿಸೋದು ನಂಬಬಹುದಾ ಸರ್? ಎರಡನೇ ಪ್ರಶ್ನೆ, ಸಾರಿ.

ಸೋನಾರ್ ಸರ್: ಬ್ಯಾಟರಿ ಮೇಲೆ ಮೆಲ್ಲಗೆ ಹೋಗೋ ಡೀಸೆಲ್ ಸಬ್‌ಮರೀನ್ ತುಂಬಾ ಸೈಲೆಂಟು. ರಿಯಾಕ್ಟರ್ ಪಂಪು, ಟರ್ಬೈನು ಯಾವುದೂ ಇಲ್ಲ. 2005ರಲ್ಲಿ ಸ್ವೀಡನ್ನಿನ ಗಾಟ್‌ಲಾಂಡ್ ಅನ್ನೋ ಚಿಕ್ಕ ಸಬ್‌ಮರೀನ್ ಅಭ್ಯಾಸದಲ್ಲಿ ಅಮೆರಿಕದ ವಿಮಾನವಾಹಕ ರೊನಾಲ್ಡ್ ರೇಗನ್ ಹತ್ರಕ್ಕೇ ನುಸುಳಿ ‘ಮುಳುಗಿಸ್ತು’. ಆದ್ರೆ ಡೀಸೆಲ್‌ನವನು ಅಣುಶಕ್ತಿಯವನನ್ನ ಹಿಂಬಾಲಿಸೋಕಾಗಲ್ಲ, ಜೋರಾಗಿ ಓಡಿದ್ರೆ ಬ್ಯಾಟರಿ ಕೆಲವೇ ಗಂಟೆ. ದಾರೀಲಿ ಕಾದು ಕೂರಬಹುದು ಅಷ್ಟೇ.

ಪುಸ್ತಕಹುಳ: ಎರಡನೇ ಭಾಗ ಬರುತ್ತಾ ಯಾರಿಗಾದ್ರೂ ಗೊತ್ತಾ?

ಎರಡು ಮಕ್ಕಳ ಅಮ್ಮ: ಸರ್ ನಾನು ಪುಸ್ತಕ ಓದಿಲ್ಲ, ನನ್ನ ಮಗ ಓದಿದಾನೆ, ಹದಿನಾರು ವರ್ಷ ಅವನಿಗೆ. ಕೊನೇಲಿ ಸಬ್‌ಮರೀನ್‌ನಿಂದ ತಪ್ಪಿಸ್ಕೊಳ್ಳೋ ಹುಡುಗಿ ಜೋರಾಗಿ ಇಪ್ಪತ್ತು ಸಲ ಉಸಿರಾಡಿ ಆಮೇಲೆ ಉಸಿರು ಬಿಗಿಹಿಡ್ಕೊಂಡು 60 ಮೀಟರ್ ಆಳದಿಂದ ಮೇಲೆ ಬರ್ತಾಳಂತೆ. ಇವನು ಅದೇ ಥರ ಈಜುಕೊಳದಲ್ಲಿ ಪ್ರಾಕ್ಟೀಸ್ ಮಾಡ್ತಿದಾನೆ, ಫ್ರೆಂಡು ದಡದಲ್ಲಿ ಕೂತು ಫೋನಲ್ಲಿ ಟೈಮ್ ನೋಡ್ತಾನಂತೆ. ‘ನೇವಿ ಉಸಿರಾಟ, ಶ್ವಾಸಕೋಶಕ್ಕೆ ಬಲ’ ಅಂತ ಫಾರ್ವರ್ಡ್ ಕೂಡ ಬಂದಿದೆ. ಒಳ್ಳೇದೇ ಅಲ್ವಾ ಅಂತ ಸುಮ್ಮನಿದ್ದೆ. ಯಾಕೋ ಕೇಳೋಣ ಅನ್ನಿಸ್ತು.

ಸೋನಾರ್ ಸರ್: ಅಮ್ಮಾ, ಇವತ್ತೇ ನಿಲ್ಸಿ. ಉತ್ತರ ಆಮೇಲೆ ಓದಿ, ಮೊದಲು ಅವನಿಗೆ ಫೋನ್ ಮಾಡಿ.

ಈಗ ಕಾರಣ ಹೇಳ್ತೀನಿ, ಅವನಿಗೂ ಓದಿಸಿ, ಬೈದ್ರೆ ಕೇಳದ ವಯಸ್ಸು, ಅರ್ಥ ಆದ್ರೆ ಕೇಳ್ತಾನೆ. ನಮಗೆ ಉಸಿರು ತಗೋಬೇಕು ಅಂತ ಒದ್ದಾಟ ಶುರುವಾಗೋದು ಮುಖ್ಯವಾಗಿ ಆಕ್ಸಿಜನ್ ಕಮ್ಮಿ ಆಗಿದ್ದಕ್ಕಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿದ್ದಕ್ಕೆ. ಜೋರಾಗಿ ಇಪ್ಪತ್ತು ಸಲ ಉಸಿರಾಡಿದ್ರೆ ಆಕ್ಸಿಜನ್ ಏನೂ ದೊಡ್ಡದಾಗಿ ಸೇರಲ್ಲ, ಅದು ಆಗ್ಲೇ ಹೆಚ್ಚುಕಮ್ಮಿ ಪೂರ್ತಿ ಇರುತ್ತೆ. ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಗೆ ಹೋಗುತ್ತೆ. ಅಂದ್ರೆ ಎಚ್ಚರಿಕೆ ಗಂಟೆ ಬಿಚ್ಚಿಟ್ಟು ನೀರಿಗಿಳಿದ ಹಾಗೆ. ಒಳಗೆ ಆಕ್ಸಿಜನ್ ಖಾಲಿ ಆಗ್ತಿರುತ್ತೆ, ಒದ್ದಾಟ ಬರಲ್ಲ, ಆರಾಮಾಗಿದೆ ಅನ್ನಿಸ್ತಿರುವಾಗಲೇ ಪ್ರಜ್ಞೆ ಹೋಗುತ್ತೆ. ಕೂಗಲ್ಲ, ಕೈಕಾಲು ಬಡಿಯಲ್ಲ. ದಡದಲ್ಲಿ ಟೈಮ್ ನೋಡೋ ಹುಡುಗನಿಗೆ ‘ವಾಹ್ ಇವತ್ತು ರೆಕಾರ್ಡು’ ಅಂತ್ಲೇ ಕಾಣುತ್ತೆ. ಸೊಂಟದಷ್ಟು ನೀರು ಸಾಕು ಇದಕ್ಕೆ. ಚೆನ್ನಾಗಿ ಈಜು ಬರೋ ಗಟ್ಟಿಮುಟ್ಟಾದ ಹುಡುಗರೇ ಹೀಗೆ ಹೋಗೋದು, ಯಾಕಂದ್ರೆ ಈಜು ಬರದವನು ಈ ಸಾಹಸಕ್ಕೆ ಹೋಗಲ್ಲ.

ಇನ್ನು ಪುಸ್ತಕದ ಸೀನು. ಅದು ಸುಳ್ಳಷ್ಟೇ ಅಲ್ಲ, ಪೂರ್ತಿ ತಲೆಕೆಳಗು. 60 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಏಳು ಪಟ್ಟು. ಹೊರಗೆ ಹೋಗೋ ಚೇಂಬರಿಗೆ ನೀರು ತುಂಬಿ ಒತ್ತಡ ಸಮ ಮಾಡ್ತಾರೆ, ಅವಳು ಕೊನೇ ಉಸಿರು ಎಳ್ಕೊಂಡಿದ್ದು ಆ ಏಳು ಪಟ್ಟು ಒತ್ತಡದ ಗಾಳಿ. ಅದನ್ನ ಬಿಗಿಹಿಡ್ಕೊಂಡು ಮೇಲೆ ಬಂದ್ರೆ ಅದೇ ಗಾಳಿ ಎದೆಯೊಳಗೆ ಏಳು ಪಟ್ಟು ಹಿಗ್ಗುತ್ತೆ. ಶ್ವಾಸಕೋಶ ಹರಿಯುತ್ತೆ, ಗಾಳಿ ರಕ್ತಕ್ಕೆ ಸೇರಿ ಮಿದುಳಿಗೆ ಹೋಗುತ್ತೆ. ನಮಗೆ ಎಸ್ಕೇಪ್ ಟ್ರೈನಿಂಗಲ್ಲಿ ಮೊದಲು ತಲೆಗೆ ತುಂಬೋದೇ ಇದು: ಉಸಿರು ಹಿಡೀಬೇಡ. ಸೂಟ್ ಇಲ್ದೆ ಬಂದ್ರೆ ದಾರಿಯುದ್ದಕ್ಕೂ ಉಸಿರು ಹೊರಗೆ ಬಿಡ್ತಾನೇ ಇರಬೇಕು. ತಲೆ ಮುಚ್ಚೋ ಹುಡ್ ಇರೋ ಸೂಟ್ ಇದ್ರೆ ಅದರೊಳಗೆ ಮಾಮೂಲಾಗಿ ಉಸಿರಾಡ್ತಾ ಬರಬೇಕು. ಆ ಟ್ರೈನಿಂಗೂ ಡಾಕ್ಟರು, ಡೈವರುಗಳು ಪಕ್ಕದಲ್ಲಿರೋ ಟ್ಯಾಂಕಲ್ಲೇ. ಫೋನ್ ಹಿಡ್ಕೊಂಡ ಫ್ರೆಂಡ್ ಜೊತೆ ಅಲ್ಲ.

‘ನೇವಿ ಉಸಿರಾಟ’ ಫಾರ್ವರ್ಡ್ ಮಾಡಿದವರು ಯಾರೋ ಗೊತ್ತಿಲ್ಲ. ಡಿಲೀಟ್ ಮಾಡಿ, ಕಳಿಸಿದವರಿಗೆ ಈ ಉತ್ತರ ಕಳಿಸಿ.

ಸಂಶಯಪ್ರಾಣಿ: ಸ್ವಲ್ಪ ಜಾಸ್ತಿ ಹೆದರಿಸ್ತಿದೀರ ಅನ್ಸುತ್ತೆ. ಪ್ರಾಣಾಯಾಮದಲ್ಲಿ ಕುಂಭಕ ಮಾಡಲ್ವಾ? ನಾನೂ ನೀರಲ್ಲಿ ಉಸಿರು ಕಟ್ಟಿ ಪ್ರಾಕ್ಟೀಸ್ ಮಾಡಿದೀನಿ, ಏನೂ ಆಗಿಲ್ಲ.

ಸೋನಾರ್ ಸರ್: ಚಾಪೆ ಮೇಲೆ ತಲೆ ತಿರುಗಿದ್ರೆ ಚಾಪೆ ಮೇಲೆ ಬೀಳ್ತೀರ, ಉಸಿರು ತಾನಾಗೇ ವಾಪಸ್ ಬರುತ್ತೆ. ನೀರೊಳಗೆ ತಾನಾಗೇ ಬರೋ ಆ ಉಸಿರಲ್ಲಿ ನೀರು ಹೋಗುತ್ತೆ. ನಿಮಗೆ ಏನೂ ಆಗಿಲ್ಲ, ಸಂತೋಷ. ಹದಿನಾರು ವರ್ಷದ ಹುಡುಗನ ತಾಯಿ ಓದೋ ಕಡೆ ಇದನ್ನ ಬರೀಬೇಡಿ.

ಸಂಶಯಪ್ರಾಣಿ: ಅಭಿಪ್ರಾಯ ಹೇಳೋದೂ ತಪ್ಪಾ ಇಲ್ಲಿ?

ಬಿಡುವಿಲ್ಲದವಳು: ಅಭಿಪ್ರಾಯ ಪುಸ್ತಕದ ಬಗ್ಗೆ ಹೇಳಿ ಸರ್, ಪ್ರಾಣದ ಬಗ್ಗೆ ಅಲ್ಲ.

ಮಧ್ಯರಾತ್ರಿ ಓದುಗ: ನನಗೆ ಅನ್ನಿಸೋದು, ಕಾದಂಬರಿಗೆ ಇಷ್ಟೆಲ್ಲಾ ಫಿಸಿಕ್ಸ್ ಬೇಕಾ? ಆ ಹುಡುಗಿ ಮೇಲೆ ಬಂದಾಗ ನಾನು ಅತ್ತೆ, ನನಗೆ ಅಷ್ಟು ಸಾಕು.

ಕಡಲಕಾಗೆ: ಬೇಕು. ಮುಂದಿನ ಕಾಲದ ಯುದ್ಧ ಅಂತ ಹೇಳ್ಕೊಂಡು ಬರೆದ ಮೇಲೆ ಲೆಕ್ಕ ಸರಿ ಇರ್ಬೇಕು. ಕೇಬಲ್ ಭಾಗ ಅಷ್ಟು ಚೆನ್ನಾಗಿ ಬರೆದು ಕೊನೇಲಿ ಕೈಬಿಟ್ಟಿದಾರೆ. ಆ ಕ್ಯಾಪ್ಟನ್ ಹಿಂದೆ ಉಳಿದು ಸಾಯೋದು ಕೂಡ ಅಳಿಸೋಕೇ ತುರುಕಿದ್ದು.

ಅರ್ಧ ಓದಿದವನು: ಕ್ಯಾಪ್ಟನ್ ಸಾಯ್ತಾನಾ??? ಥ್ಯಾಂಕ್ಸ್ ಗುರು. ಬಹಳ ಥ್ಯಾಂಕ್ಸ್.

ಕಡಲಕಾಗೆ: ಅರ್ಧ ಓದಿ ಇಂಥ ಚರ್ಚೆಗೆ ಬಂದ್ರೆ ಹೀಗೇ ಆಗೋದು.

ಅಡ್ಮಿನ್: ಸ್ಪಾಯ್ಲರ್ ಬೇಡ ಅಂತ ಮೊದಲ ಲೈನಲ್ಲೇ ಬರೆದಿದ್ದೆ. ಕಡಲಕಾಗೆ, ಇದು ವಾರ್ನಿಂಗ್.

ಪುಸ್ತಕಹುಳ: ಸರ್, ಅದೇ ಅಧ್ಯಾಯದಲ್ಲಿ ಒಳಗೆ ಸಿಕ್ಕಿಹಾಕ್ಕೊಂಡವರು ಒದ್ದೆ ಬಟ್ಟೆ ಮುಖಕ್ಕೆ ಕಟ್ಕೊಂಡು ಕಾರ್ಬನ್ ಡೈಆಕ್ಸೈಡ್‌ನಿಂದ ಬಚಾವ್ ಆಗ್ತಾರೆ. ಲಿಫ್ಟ್‌ನಲ್ಲಿ, ಕಾರಲ್ಲಿ ಸಿಕ್ಕಿಹಾಕ್ಕೊಂಡ್ರೂ ಹಾಗೆ ಮಾಡಿ ಅಂತ ಒಂದು ಮೆಸೇಜೂ ಓಡಾಡ್ತಿದೆ.

ಸೋನಾರ್ ಸರ್: ಮತ್ತೆ ಮೆಸೇಜು. ಒದ್ದೆ ಬಟ್ಟೆ ಕಾರ್ಬನ್ ಡೈಆಕ್ಸೈಡ್ ತಡೆಯಲ್ಲ. ಅದಕ್ಕೆ ಲಿಥಿಯಂ ಹೈಡ್ರಾಕ್ಸೈಡ್, ಸೋಡಾ ಲೈಮ್ ಥರದ ಕೆಮಿಕಲ್ ಬೇಕು. ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡ್ರೆ ಉಸಿರಾಟ ಇನ್ನೂ ಕಷ್ಟ ಆಗುತ್ತೆ, ಅಷ್ಟೇ ಲಾಭ.

ಸಬ್‌ಮರೀನ್‌ನಲ್ಲಿ ನಿಜವಾಗ್ಲೂ ಏನಾಗುತ್ತೆ ಅಂದ್ರೆ, 2000ದ ಆಗಸ್ಟ್ 12, ರಷ್ಯಾದ ಕುರ್ಸ್ಕ್ ಅನ್ನೋ ಸಬ್‌ಮರೀನ್. ಟಾರ್ಪಿಡೋದಲ್ಲಿದ್ದ ಹೈಡ್ರೋಜನ್ ಪೆರಾಕ್ಸೈಡ್ ಸೋರಿ ಮೊದಲ ಸ್ಫೋಟ, ಎರಡು ನಿಮಿಷ ಆದ್ಮೇಲೆ ಉಳಿದ ಟಾರ್ಪಿಡೋಗಳು. ಒಟ್ಟು 118 ಜನ ಹೋದ್ರು. ಅದರಲ್ಲಿ 23 ಜನ ಸ್ಫೋಟ ಆದ್ಮೇಲೂ ಹಿಂಭಾಗದ ಒಂಬತ್ತನೇ ಕಂಪಾರ್ಟ್‌ಮೆಂಟಲ್ಲಿ ಸ್ವಲ್ಪ ಹೊತ್ತು ಬದುಕಿದ್ರು. ಅವರ ಹತ್ರ ಆಕ್ಸಿಜನ್ ಕೊಡೋ ಕೆಮಿಕಲ್ ಪ್ಲೇಟ್‌ಗಳಿದ್ವು. ಅದು ಎಣ್ಣೆ ಬೆರೆತ ನೀರಿಗೆ ತಾಗಿದ್ರೆ ಬೆಂಕಿ. ಕತ್ತಲೆ, ಚಳಿ, ಕೈ ನಡುಗ್ತಿರೋ ಜನ, ಹಾಗೇ ಒಂದು ಬೆಂಕಿ ಹೊತ್ತಿ ಇದ್ದ ಆಕ್ಸಿಜನ್ನೂ ತಿಂದುಬಿಡ್ತು. ಉಸಿರು ಉಳಿಸೋ ವಸ್ತುವೇ ಕೊಂದಿದ್ದು. ಈ ಲೇಖಕರು ಒದ್ದೆ ಬಟ್ಟೆ ಬಿಟ್ಟು ಇದನ್ನ ಬರೆದಿದ್ರೆ ನಾನೇ ನಾಲ್ಕು ಜನಕ್ಕೆ ಪುಸ್ತಕ ಕೊಡ್ತಿದ್ದೆ.

ಬಿಡುವಿಲ್ಲದವಳು: ಸರ್ ಮನುಷ್ಯರಿಲ್ಲದ ಸಬ್‌ಮರೀನ್‌ಗಳು ತಮ್ಮಷ್ಟಕ್ಕೆ ತಾವೇ ಟಾರ್ಪಿಡೋ ಬಿಡೋ ನಿರ್ಧಾರ ತಗೊಳ್ಳೋ ದಿನ ಬರುತ್ತಾ? ನನಗೆ ಪುಸ್ತಕದಲ್ಲಿ ತೀರಾ ಭಯ ಆಗಿದ್ದು ಅದೇ.

ಸಂಶಯಪ್ರಾಣಿ: ಬರುತ್ತೆ ಅಲ್ಲ, ಬಂದಾಗಿದೆ. ಬೇಕಾದ್ರೆ ಲಿಂಕ್ ಕಳಿಸ್ತೀನಿ.

ಕಡಲಕಾಗೆ: ಕಳಿಸು, ನಿನ್ನ ಲೈವ್ ಮ್ಯಾಪೂ ಕಳಿಸು.

ಅಡ್ಮಿನ್: ಕಡಲಕಾಗೆ, ಕೊನೇ ಸಲ ಹೇಳ್ತಿದೀನಿ.

ಎರಡು ಮಕ್ಕಳ ಅಮ್ಮ: ಸರ್ ಅವನಿಗೆ ಓದಿಸಿದೆ. ಮೊದಲು ನಕ್ಕ, ಆಮೇಲೆ ಆ ಕಾರ್ಬನ್ ಡೈಆಕ್ಸೈಡ್ ವಿಷಯ ಎರಡು ಸಲ ಓದಿದ. ಕೊಳದ ಕೋಚ್‌ಗೂ ಕಳಿಸಿದೀನಿ. ಇನ್ನು ಒಬ್ನೇ ನೀರೊಳಗೆ ಉಸಿರು ಕಟ್ಟಲ್ಲ ಅಂದಿದಾನೆ.

ಸೋನಾರ್ ಸರ್: ‘ಒಬ್ನೇ’ ಅಂದ್ರೆ ಫ್ರೆಂಡ್ ಜೊತೆ ಮಾಡ್ತೀನಿ ಅಂತ ಅರ್ಥ ಅಮ್ಮಾ. ಇನ್ನೊಂದು ಸಲ ಕೇಳಿ. ಈಜಲಿ, ಎಷ್ಟು ಬೇಕಾದ್ರೂ ಈಜಲಿ. ಜೋರು ಉಸಿರಾಟ ಮಾಡಿ ಮುಳುಗೋದು ಮಾತ್ರ ಬೇಡ, ಯಾರ ಜೊತೆಗೂ ಬೇಡ.

ಹೊಸ ಸದಸ್ಯ: ನಮಸ್ತೆ ಸರ್, ಈಗ ತಾನೇ ಸೇರಿದೆ. ಸಬ್‌ಮರೀನ್‌ಗೆ ಕಿಟಕಿ ಇರುತ್ತಾ, ಒಳಗಿಂದ ಮೀನು ಕಾಣುತ್ತಾ?

ಸೋನಾರ್ ಸರ್: ಕಿಟಕಿ ಇಲ್ಲ.

ಚಹಾ ಜೊತೆ ಪುಸ್ತಕ: ಹಾಗಾದ್ರೆ ಮುಖಪುಟದಲ್ಲಿ ಯಾಕೆ ಹಾಕಿದಾರೆ ಸರ್?

ಸೋನಾರ್ ಸರ್: ಮುಖಪುಟ ಬರೆದವರನ್ನ ಕೇಳಿ ಮಾರಾಯ್ರೆ. ನಾನು ಊಟಕ್ಕೆ ಹೋಗ್ತೀನಿ.